ಹಾಂಗ್‌ಕಾಂಗ್ ಇಡಿಯಾಗಿ 99 ವರ್ಷದ ಗುತ್ತಿಗೆಯಾಗಿತ್ತೇ?

ಓದುಗರ ಪ್ರಶ್ನೆ: ಬ್ರಿಟಿಷರು ಹಾಂಗ್‌ಕಾಂಗನ್ನು ಚೀನಾದಿಂದ 99 ವರ್ಷಕ್ಕೆ ಗುತ್ತಿಗೆ ಪಡೆದಿದ್ದರು, ಅವಧಿ ಮುಗಿದದ್ದರಿಂದ 1997ರಲ್ಲಿ ಬಿಟ್ಟುಕೊಟ್ಟರು, ಅಲ್ಲವೇ?

ಅಲ್ಲ. ಎಷ್ಟು ಸಲ ಉತ್ತರಿಸಿದರೂ ಈ ತಪ್ಪು ಹೋಗುತ್ತಿಲ್ಲ. ಕ್ರಯಕ್ಕೂ ಭೋಗ್ಯಕ್ಕೂ ಇರುವ ವ್ಯತ್ಯಾಸ ನಿಮಗೆಲ್ಲ ಗೊತ್ತು. ಹಾಂಗ್‌ಕಾಂಗ್ ವಿಷಯದಲ್ಲೂ ಪತ್ರಗಳನ್ನು ಒಂದೊಂದಾಗಿ ತೆಗೆದು ನೋಡಬೇಕು.

ಪತ್ರಗಳು ಮೂರು. 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ದ್ವೀಪ ಶಾಶ್ವತವಾಗಿ ಬ್ರಿಟನ್ನಿಗೆ ಹೋಯಿತು. 1860ರಲ್ಲಿ ದ್ವೀಪದ ಎದುರಿನ ಕೌಲೂನ್ ಪರ್ಯಾಯದ್ವೀಪದ ದಕ್ಷಿಣ ತುದಿ, ಈಗಿನ ಬೌಂಡರಿ ಸ್ಟ್ರೀಟ್‌ವರೆಗೆ, ಅದೂ ಶಾಶ್ವತವಾಗಿಯೇ. ಎರಡನ್ನೂ ಅಫೀಮು ಯುದ್ಧಗಳಲ್ಲಿ ಸೋತ ಚೀನಾದಿಂದ ಬರೆಸಿಕೊಂಡದ್ದು. ಅವುಗಳಲ್ಲಿ ವಾಯಿದೆಯೇ ಇಲ್ಲ. ಮೂರನೆಯದು 1898ರ ಜೂನ್ 9ರದು. ಬೌಂಡರಿ ಸ್ಟ್ರೀಟ್‌ನಿಂದ ಉತ್ತರಕ್ಕಿರುವ ನೆಲ ಮತ್ತು ಇನ್ನೂರಕ್ಕೂ ಹೆಚ್ಚು ದ್ವೀಪಗಳು, ಜುಲೈ 1ರಿಂದ 99 ವರ್ಷಕ್ಕೆ, ಬಾಡಿಗೆ ಒಂದು ಕಾಸೂ ಇಲ್ಲದೆ. ಗುತ್ತಿಗೆ ಎಂದರೆ ಇದೊಂದೇ.

ಹಾಗಾದರೆ ಶಾಶ್ವತವಾಗಿ ಬಂದದ್ದನ್ನೂ ಏಕೆ ಬಿಟ್ಟರು? ಗುತ್ತಿಗೆಯ ಭಾಗವೇ ಒಟ್ಟು ನೆಲದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು. ಕೈ ತಕ್ ವಿಮಾನ ನಿಲ್ದಾಣ, ಕ್ವಾಯ್ ಚುಂಗ್ ಕಂಟೇನರ್ ಬಂದರು, ಪ್ಲೋವರ್ ಕೋವ್ ಜಲಾಶಯ ಎಲ್ಲ ಅಲ್ಲೇ ಇದ್ದವು. ಅದನ್ನು ಕತ್ತರಿಸಿ ಕೊಟ್ಟು ಉಳಿದ ತುಂಡನ್ನು ನಡೆಸುವುದು ಸಾಧ್ಯವಿರಲಿಲ್ಲ. ಚೀನಾವಂತೂ ಮೂರೂ ಒಪ್ಪಂದಗಳನ್ನು ಅಸಮಾನವೆಂದು ತಿರಸ್ಕರಿಸಿತ್ತು.

ಇಕ್ಕಟ್ಟು ಮೊದಲು ಕಾಣಿಸಿಕೊಂಡದ್ದು ಜಮೀನಿನ ಕಾಗದಗಳಲ್ಲಿ. ಗುತ್ತಿಗೆ ನೆಲವನ್ನು ಸರ್ಕಾರ ಜನರಿಗೆ ಒಳಗುತ್ತಿಗೆ ಕೊಡುವಾಗ, ಮೂಲ ಗುತ್ತಿಗೆಗಿಂತ ಮೂರು ದಿನ ಮೊದಲೇ, 1997ರ ಜೂನ್ 27ಕ್ಕೆ ಮುಗಿಯುವಂತೆ ಬರೆಯುತ್ತಿತ್ತು. ವರ್ಷ ಕಳೆದಂತೆ ಅಂಥ ನೆಲದ ಮೇಲೆ ದೀರ್ಘಾವಧಿ ಸಾಲ ಕೊಡುವುದು ಕಷ್ಟವಾಗತೊಡಗಿತು. 1979ರಲ್ಲಿ ಹಾಂಗ್‌ಕಾಂಗಿನ ಬ್ರಿಟಿಷ್ ಗವರ್ನರ್ ಮ್ಯಾಕ್ಲೆಹೋಸ್ ಬೀಜಿಂಗ್‌ಗೆ ಹೋಗಿ, ಒಳಗುತ್ತಿಗೆಗಳು ಈ ತಾರೀಖು ದಾಟಲು ಅವಕಾಶ ಕೊಡಿ ಎಂಬ ಮಾತೆತ್ತಿದರು. ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ಒಪ್ಪಲಿಲ್ಲ. 1984ರ ಡಿಸೆಂಬರ್ 19ರಂದು ಇಡೀ ಹಾಂಗ್‌ಕಾಂಗ್ ಮರಳಿಸುವ ಬ್ರಿಟನ್-ಚೀನಾ ಜಂಟಿ ಘೋಷಣೆಗೆ ಸಹಿ ಬಿತ್ತು.

99 ಎಂಬ ಅಂಕಿ ಹಾಂಗ್‌ಕಾಂಗಿನದೇ ಸ್ವತ್ತೂ ಅಲ್ಲ. ಅದೇ 1898ರ ಮಾರ್ಚ್‌ನಲ್ಲಿ ಜರ್ಮನಿ ಚೀನಾದ ಜಿಯಾವೋಜೌ ಕೊಲ್ಲಿಯನ್ನು 99 ವರ್ಷಕ್ಕೆ ಪಡೆದಿತ್ತು. ರಷ್ಯಾ ಅಲ್ಲಿನದೇ ಪೋರ್ಟ್ ಆರ್ಥರ್ ಬಂದರನ್ನು 25 ವರ್ಷಕ್ಕೆ. ಬ್ರಿಟನ್ ಪಡೆದ ವೈಹೈವೈ ಬಂದರಿಗೆ ವರ್ಷದ ಲೆಕ್ಕವೇ ಇರಲಿಲ್ಲ: ಪೋರ್ಟ್ ಆರ್ಥರ್ ರಷ್ಯಾದ ಕೈಯಲ್ಲಿರುವವರೆಗೆ ಎಂದಷ್ಟೇ. 1905ರಲ್ಲಿ ರಷ್ಯಾ ಅದನ್ನು ಜಪಾನಿಗೆ ಬಿಟ್ಟುಕೊಟ್ಟರೂ ಬ್ರಿಟನ್ ವೈಹೈವೈ ಮರಳಿಸಿದ್ದು 1930ರಲ್ಲಿ.

ಶಾಂಘೈಯನ್ನು ಈ ಸಾಲಿಗೆ ಸೇರಿಸಬೇಡಿ, ಅದರ ಬಗೆಯೇ ಬೇರೆ. ಅಲ್ಲಿನ ಅಂತರರಾಷ್ಟ್ರೀಯ ವಸಾಹತಿನಲ್ಲಿ ವಿದೇಶಿ ವ್ಯಾಪಾರಿಗಳು ಚೀನೀ ಮಾಲೀಕರಿಂದ ಒಂದೊಂದೇ ತುಂಡು ನೆಲವನ್ನು ಕಾಯಂ ಗುತ್ತಿಗೆಗೆ ಪಡೆದರು, ಚೀನಾ ಸರ್ಕಾರಕ್ಕೆ ವರ್ಷವರ್ಷ ಕಂದಾಯ ಕಟ್ಟಿದರು. ಪತ್ರಕ್ಕೆ ಮೂರು ಪ್ರತಿ: ಒಂದು ವ್ಯಾಪಾರಿಯ ದೇಶದ ಪ್ರತಿನಿಧಿಯಾದ ಕಾನ್ಸುಲ್ ಬಳಿ, ಒಂದು ಚೀನೀ ಅಧಿಕಾರಿ ದಾವೋತಾಯ್ ಬಳಿ, ಇನ್ನೊಂದು ವ್ಯಾಪಾರಿಯ ಪೆಟ್ಟಿಗೆಯಲ್ಲಿ. ದಾವೋತಾಯ್‌ನ ಮುದ್ರೆ ಬೀಳದೆ ಆ ಪತ್ರ ಪೂರ್ಣವಾಗುತ್ತಿರಲಿಲ್ಲ.