ಘಾಟಿ ಇಳಿಯುವಾಗ ಎಂಜಿನ್ ಏನು ಕುಡಿಯುತ್ತದೆ?

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಕೈ ತೊಳೆಯುತ್ತಿದ್ದೆ. ಬೇಲೂರು ಕಡೆಯಿಂದ ಆಲೂಗಡ್ಡೆ ಮೂಟೆ ಹೇರಿಕೊಂಡು ಉಜಿರೆಗೆ ಹೊರಟಿದ್ದ ಪಿಕಪ್ ಗಾಡಿಯ ಚಾಲಕನೂ ಪಕ್ಕದ ನಲ್ಲಿಗೆ ಬಂದ. ಡೀಸೆಲ್ ಬೆಲೆಯ ಮಾತು ಬಂತು. ಅವನು ಮುಖಕ್ಕೆ ನೀರು ಎರಚಿಕೊಂಡು ನಿರಾಳವಾಗಿ ಹೇಳಿದ: "ಇನ್ನು ಕೆಳಗಿನವರೆಗೆ ಖರ್ಚೇ ಇಲ್ಲ ಸಾರ್. ನ್ಯೂಟ್ರಲ್ ಮಾಡಿ ಬಿಟ್ಟರೆ ಗಾಡಿ ತಾನೇ ಹೋಗುತ್ತದೆ. ಇಳಿಜಾರಿನಲ್ಲಿ ಗೇರ್ ಹಾಕಿ ಡೀಸೆಲ್ ಸುಡುವವನು ದಡ್ಡ."

ಆ ದಡ್ಡ ನಾನೇ. ಚಾರ್ಮಾಡಿ ಘಾಟಿಯನ್ನು ಎರಡನೇ ಗೇರಿನಲ್ಲಿ, ಎಂಜಿನ್ ಗುಂಯ್‌ಗುಡುತ್ತಿರುವಂತೆ ಇಳಿಯುತ್ತೇನೆ. ಹಿಂದೆ ಕುಳಿತ ನೆಂಟರು "ಅಷ್ಟು ಕೂಗುತ್ತಿದೆಯಲ್ಲ, ಪೆಟ್ರೋಲ್ ಎಷ್ಟು ಹೋಗುತ್ತಿದೆಯೋ" ಎಂದು ಮರುಗುತ್ತಾರೆ. ಕಿವಿಗೆ ಕೇಳುವ ಸದ್ದನ್ನು ಟ್ಯಾಂಕ್ ಖಾಲಿಯಾಗುವ ಸದ್ದೆಂದು ತಿಳಿಯುವ ಈ ಲೆಕ್ಕ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆ ಎಂದರೆ, ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರೂ ಘಾಟಿಯ ಮೊದಲ ತಿರುವಿನಲ್ಲಿ ಗೇರ್ ತಪ್ಪಿಸಿಬಿಡುತ್ತಾರೆ.

ಸತ್ಯ ಅದರ ತಲೆಕೆಳಗು. ಈಗಿನ ಯಾವುದೇ ಪೆಟ್ರೋಲ್ ಅಥವಾ ಡೀಸೆಲ್ ಕಾರು ಗೇರಿನಲ್ಲಿ ಇಳಿಯುತ್ತಿರುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಅದರ ಪುಟ್ಟ ಕಂಪ್ಯೂಟರ್ ಪೂರ್ತಿ ಮುಚ್ಚುತ್ತದೆ. ಕಡಿಮೆ ಮಾಡುವುದಲ್ಲ, ಒಂದು ಹನಿಯೂ ಇಲ್ಲದಂತೆ ಮುಚ್ಚುವುದು. ಎಂಜಿನ್ ತಿರುಗುತ್ತಿರುವುದು ಚಕ್ರಗಳ ಬಲದಿಂದ, ಚಕ್ರಗಳು ತಿರುಗುತ್ತಿರುವುದು ಬೆಟ್ಟದ ದಯೆಯಿಂದ. ಆ ಗುಂಯ್ ಎನ್ನುವುದು ಹಸಿದ ಹೊಟ್ಟೆಯ ಸದ್ದು. ನ್ಯೂಟ್ರಲ್ ಮಾಡಿದಿರೋ, ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕಡಿಯಿತು. ಈಗ ಎಂಜಿನ್ ಆರಿಹೋಗದಿರಲು ತನ್ನ ಕಾಲ ಮೇಲೆ ತಾನೇ ತಿರುಗಬೇಕು, ಅದಕ್ಕೆ ಇಂಧನ ಬೇಕು.

ಎತ್ತಿನ ಗಾಡಿಯನ್ನು ನೆನೆಯಿರಿ. ಇಳಿಜಾರಿನಲ್ಲಿ ಎತ್ತುಗಳು ನೊಗಕ್ಕೆ ಹಿಮ್ಮುಖವಾಗಿ ಒರಗಿ ಗಾಡಿಯನ್ನು ತಡೆದು ಇಳಿಸುತ್ತವೆ. ನ್ಯೂಟ್ರಲ್ ಎಂದರೆ ಎತ್ತುಗಳನ್ನು ಬಿಚ್ಚಿ ಗಾಡಿಯ ಹಿಂದೆ ಕಟ್ಟಿ, ದಾರಿಯುದ್ದಕ್ಕೂ ಹುಲ್ಲು ಹಾಕುತ್ತ, ಗಾಡಿಯನ್ನು ದೇವರ ಮೇಲೆ ಭಾರ ಹಾಕಿ ಉರುಳಿಬಿಟ್ಟಂತೆ.

ನಂಬದವರಿಗೆಂದು ನಾನೇ ಒಮ್ಮೆ ಅಳೆದು ನೋಡಿದೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನವೊಂದನ್ನು ಚುಚ್ಚಿದರೆ ಎಂಜಿನ್ನಿನ ಅಂಕಿಗಳೆಲ್ಲ ಮೊಬೈಲಿಗೆ ಬರುತ್ತವೆ. ಮೊಬೈಲನ್ನು ಮಗಳ ಕೈಗೆ ಕೊಟ್ಟು, ಇಂಧನ ಎಷ್ಟು ಹೋಗುತ್ತಿದೆ ಎಂಬ ಅಂಕಿಯನ್ನು ಜೋರಾಗಿ ಓದು ಎಂದೆ. ಘಾಟಿಯ ಮೊದಲ ಇಳಿಜಾರಿನಲ್ಲಿ ಎರಡನೇ ಗೇರು, ಎಂಜಿನ್ ನಿಮಿಷಕ್ಕೆ ಎರಡು ಸಾವಿರದ ಮೇಲೆ ಸುತ್ತುತ್ತಿತ್ತು. ಅವಳು ಓದಿದಳು: "ಸೊನ್ನೆ. ಸೊನ್ನೆ. ಅಪ್ಪಾ, ಇದು ಕೆಟ್ಟಿದೆಯೇ?" ನೇರ ಮತ್ತು ಖಾಲಿ ಇದ್ದ ಒಂದು ತುಂಡು ರಸ್ತೆಯಲ್ಲಿ ಮೂರೇ ಕ್ಷಣ ಕ್ಲಚ್ ಒತ್ತಿದೆ. ತಕ್ಷಣ ಗಂಟೆಗೆ ಮುಕ್ಕಾಲು ಲೀಟರಿನ ಆಸುಪಾಸಿನ ಅಂಕಿ ಎದ್ದು ಕುಳಿತಿತು. ಕ್ಲಚ್ ಬಿಟ್ಟೆ, ಮತ್ತೆ ಸೊನ್ನೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಪಟ್ಟಿ ಇದ್ದವರಿಗೆ ಈ ಸಾಧನವೂ ಬೇಡ. ಇಳಿಜಾರಿನಲ್ಲಿ ಅದು ಕೊನೆಯ ಗೆರೆಗೆ ಹೋಗಿ ಅಂಟಿಕೊಳ್ಳುವುದನ್ನು ನೋಡಿದರೆ ಸಾಕು.

ಒಂದು ತಕರಾರನ್ನು ಒಪ್ಪಿಕೊಳ್ಳಬೇಕು. ಹಾಸನದಿಂದ ಆಚೆ ಬಯಲಿನಲ್ಲಿ ಬರುವಂಥ ಸಣ್ಣ ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟರೆ ಎಂಜಿನ್ನಿನ ತಡೆಗೆ ಗಾಡಿಯ ವೇಗ ತಗ್ಗಿ, ಮತ್ತೆ ಆಕ್ಸಿಲರೇಟರ್ ಒತ್ತಬೇಕಾಗುತ್ತದೆ. ಅಲ್ಲಿ ನ್ಯೂಟ್ರಲ್ ಕೆಲವು ಹನಿ ಉಳಿಸಬಹುದು. ಆದರೆ ಬ್ರೇಕ್ ಒತ್ತಲೇಬೇಕಾದ ಇಳಿಜಾರಿನಲ್ಲಿ ಉಳಿತಾಯದ ಮಾತೇ ಇಲ್ಲ.

ಹಾಗಾದರೆ ಹಿಂದಿನವರೆಲ್ಲ ಸುಳ್ಳು ಹೇಳಿದರೇ? ಇಲ್ಲಿ ಕಥೆ ಸ್ವಾರಸ್ಯವಾಗುತ್ತದೆ. ಅಂಬಾಸಿಡರ್, ಪದ್ಮಿನಿ, 1983ರ ಡಿಸೆಂಬರಿನಲ್ಲಿ ಬಂದ ಮೊದಲ ಮಾರುತಿ 800, ಇವುಗಳಲ್ಲೆಲ್ಲ ಕಾರ್ಬುರೇಟರ್ ಇತ್ತು. ಕಾರ್ಬುರೇಟರಿಗೆ ಬುದ್ಧಿಯಿಲ್ಲ. ಎಂಜಿನ್ ಗಾಳಿ ಹೀರಿದಾಗಲೆಲ್ಲ ಅದರ ಸಣ್ಣ ರಂಧ್ರದಿಂದ ಪೆಟ್ರೋಲ್ ಒಸರುತ್ತದೆ. ಗೇರಿನಲ್ಲಿ ಇಳಿಯುವಾಗ ಎಂಜಿನ್ ಮೂರು ಪಟ್ಟು ವೇಗವಾಗಿ ತಿರುಗಿದರೆ ಹೀರುವುದೂ ಹೆಚ್ಚು, ಒಸರುವುದೂ ಹೆಚ್ಚು. ಆ ಕಾಲದ ತೋಟದ ಯಜಮಾನರು ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತದೆ ಎಂದದ್ದು ಉಳಿತಾಯದ ಮಟ್ಟಿಗೆ ಸರಿಯೇ. ಅವರ ಮೊಮ್ಮಗ ಅದೇ ಮಾತನ್ನು 2020ರ ಏಪ್ರಿಲಿನಲ್ಲಿ ಬಂದ ಬಿಎಸ್-6 ನಿಯಮದ ಗಾಡಿಯಲ್ಲಿ ಪಾಲಿಸುತ್ತಿದ್ದಾನೆ, ಅಷ್ಟೇ.

ಇನ್ನೂ ಮಜಾ ಎಂದರೆ ಡೀಸೆಲ್ ಲಾರಿಗೆ ಈ ಮಾತು ಅಂದಿಗೂ ಅನ್ವಯಿಸುತ್ತಿರಲಿಲ್ಲ. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಪಂಪುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿತು. ಅಂಥ ಪಂಪಿನಲ್ಲಿ ಎಂಜಿನ್ ವೇಗವನ್ನು ಹತೋಟಿಯಲ್ಲಿಡುವ ಗವರ್ನರ್ ಎಂಬ ಭಾಗವಿದ್ದು, ಅದರಲ್ಲಿ ಭಾರದ ಗುಂಡುಗಳಿರುತ್ತವೆ. ಆಕ್ಸಿಲರೇಟರ್ ಬಿಟ್ಟಿದ್ದೂ ಎಂಜಿನ್ ಐಡಲ್ ವೇಗಕ್ಕಿಂತ (ಗಾಡಿ ನಿಂತಾಗ ಎಂಜಿನ್ ಸುಮ್ಮನೆ ತಿರುಗುವ ವೇಗ) ಜೋರಾಗಿ ಸುತ್ತುತ್ತಿದ್ದರೆ ಗುಂಡುಗಳು ಹೊರಕ್ಕೆ ಚಿಮ್ಮಿ ಡೀಸೆಲ್ ಹರಿವನ್ನು ನಿಲ್ಲಿಸಿಬಿಡುತ್ತವೆ. ಕಂಪ್ಯೂಟರ್ ಎಂಬ ಪದವೇ ಗೊತ್ತಿಲ್ಲದ ಕಾಲದಲ್ಲಿ ಕಬ್ಬಿಣದ ಗುಂಡುಗಳು ಮಾಡುತ್ತಿದ್ದ ಕೆಲಸ ಇದು. ಆದ್ದರಿಂದ ಶಿರಾಡಿಯಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸಿದೆ ಎಂದುಕೊಂಡ ಎಷ್ಟೋ ಲಾರಿ ಚಾಲಕರು ಡೀಸೆಲ್ ಕಳೆದುಕೊಂಡೇ ಇಳಿದರು.

ಈ ನಂಬಿಕೆಗೆ ಇನ್ನೊಂದು ಬೇರು ಮೈಸೂರಿನಲ್ಲಿದೆ ಎಂಬುದು ನನ್ನ ಊಹೆ. ಅಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳದ್ದು ಎರಡು ಸ್ಟ್ರೋಕಿನ ಎಂಜಿನ್. ಅದಕ್ಕೆ ಆಯಿಲ್ ಬೇರೆ ದಾರಿಯಿಂದ ಹೋಗದು, ಪೆಟ್ರೋಲಿನಲ್ಲೇ ಬೆರೆಸಿ ಹಾಕಬೇಕು. ಉದ್ದದ ಇಳಿಜಾರಿನಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಅದರೊಂದಿಗೆ ಆಯಿಲೂ ಕಡಿಮೆಯಾಗುತ್ತದೆ. ಪಿಸ್ಟನ್ ಒಣಗಿ ಎಂಜಿನ್ ಸೀಜ್ ಆಗುವ ಭಯ. ಸ್ವೀಡನ್ನಿನ ಸಾಬ್ ಕಂಪನಿ ತನ್ನ ಎರಡು ಸ್ಟ್ರೋಕಿನ ಕಾರುಗಳಲ್ಲಿ ಇದೇ ಕಾರಣಕ್ಕೆ ಸೈಕಲ್ಲಿನಂತೆ ಫ್ರೀವೀಲ್ ಇಟ್ಟಿತ್ತು. ಹಾಗಾಗಿ ಯೆಜ್ಡಿ ಸವಾರ ಕ್ಲಚ್ ಹಿಡಿದು ಇಳಿದದ್ದಕ್ಕೆ ಅರ್ಥವಿತ್ತು. ಆ ಬೈಕು ಹೋಯಿತು, ಅಭ್ಯಾಸ ಉಳಿಯಿತು.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ: ಇಂಧನವೇ ಇಲ್ಲದ ಎಂಜಿನ್ ಗಾಡಿಯನ್ನು ಹೇಗೆ ತಡೆಯುತ್ತದೆ? "ಗಾಳಿಯನ್ನು ಒತ್ತುವುದರಿಂದ" ಎಂಬುದು ಎಲ್ಲರೂ ಕೊಡುವ ಉತ್ತರ. ಅದು ತಪ್ಪು. ಸೈಕಲ್ ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿ ನೋಡಿ. ಒತ್ತುವಾಗ ಕಷ್ಟ ನಿಜ, ಆದರೆ ಕೈ ಸಡಿಲಿಸಿದರೆ ಹಿಡಿ ವಾಪಸ್ ಚಿಮ್ಮುತ್ತದೆ. ಕೊಟ್ಟ ಶಕ್ತಿಯ ಬಹುಪಾಲನ್ನು ಸ್ಪ್ರಿಂಗಿನಂತೆ ಹಿಂದಿರುಗಿಸುತ್ತದೆ. ಸಾಲ ಕೊಟ್ಟು ಬಡ್ಡಿಯಿಲ್ಲದೆ ವಾಪಸ್ ಪಡೆದಂತೆ, ಲಾಭವೂ ಇಲ್ಲ, ನಷ್ಟವೂ ಇಲ್ಲ, ತಡೆಯೂ ಇಲ್ಲ.

ಪೆಟ್ರೋಲ್ ಎಂಜಿನ್ನಿನ ತಡೆಯಲ್ಲಿ ದೊಡ್ಡ ಪಾಲು ಹುಟ್ಟುವುದು ಹೀರುವಾಗ. ಎಳನೀರಿಗೆ ಹಾಕಿದ ಕೊಳವೆಯನ್ನು ಬೆರಳಿನಿಂದ ಮುಕ್ಕಾಲು ಪಾಲು ಹಿಸುಕಿ ಹೀರಿದರೆ ಕೆನ್ನೆ ಒಳಸರಿದು ದವಡೆ ನೋಯುತ್ತದಲ್ಲ, ಹಾಗೆ. ಆಕ್ಸಿಲರೇಟರ್ ಬಿಟ್ಟಾಗ ಗಾಳಿಯ ದಾರಿಯ ಥ್ರಾಟಲ್ ಮುಚ್ಚಳ ಬಿದ್ದಿರುತ್ತದೆ. ಪಿಸ್ಟನ್‌ಗಳು ಆ ಮುಚ್ಚಿದ ದಾರಿಯಿಂದ ಉಸಿರೆಳೆಯಲು ಹೆಣಗಬೇಕು. ಆ ಹೆಣಗಾಟದ ಕೂಲಿಯನ್ನು ಗಾಡಿಯ ವೇಗ ಕೊಡುತ್ತದೆ. ಗೇರ್ ಕೆಳಗಿಳಿಸಿದಷ್ಟೂ ನಿಮಿಷಕ್ಕೆ ಹೆಚ್ಚು ಸಲ ಹೆಣಗಾಟ, ಹೆಚ್ಚು ತಡೆ.

ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ ಆ ಮುಚ್ಚಳವೇ ಇಲ್ಲ, ಕೊಳವೆ ಸದಾ ತೆರೆದಿರುತ್ತದೆ. ಅದಕ್ಕೇ ತುಂಬಿದ ಲಾರಿಗೆ ಬರೀ ಗೇರಿನ ತಡೆ ಸಾಲದು. ಲಾರಿಗಳ ಎಕ್ಸಾಸ್ಟ್ ಬ್ರೇಕ್ ಹುಟ್ಟಿದ್ದು ಈ ಕೊರತೆಯಿಂದ. ಹೊಗೆ ಕೊಳವೆಗೆ ಮುಚ್ಚಳ ಹಾಕಿ, ಹೀರುವಾಗ ಇಲ್ಲದ ಹೆಣಗಾಟವನ್ನು ಉಸಿರು ಬಿಡುವಾಗ ಕೊಡುವುದು.

ಇದಕ್ಕಿಂತ ಚತುರ ಉಪಾಯವೊಂದರ ಹಿಂದೆ ಒಂದು ಘಾಟಿಯೇ ಇದೆ. 1931ರಲ್ಲಿ ಅಮೆರಿಕದ ಎಂಜಿನ್ ತಯಾರಕ ಕ್ಲೆಸಿ ಕಮಿನ್ಸ್ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಡೀಸೆಲ್ ಟ್ರಕ್ಕಿನಲ್ಲಿ ಹೊರಟಿದ್ದರು. ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯ ಇಳಿಜಾರಿನಲ್ಲಿ ಬ್ರೇಕುಗಳು ಕೈಕೊಟ್ಟವು, ಎದುರಿಗೆ ಹಳಿ ದಾಟುತ್ತಿದ್ದ ಗೂಡ್ಸ್ ರೈಲು. ಕೂದಲೆಳೆಯಲ್ಲಿ ಬದುಕಿದರು. ಎಂಜಿನ್ನನ್ನೇ ಬ್ರೇಕ್ ಮಾಡುವ ಯೋಚನೆಯನ್ನು ಅವರು ಬಿಡಲಿಲ್ಲ. ನಿವೃತ್ತಿಯ ನಂತರ ದಾರಿ ಹೊಳೆಯಿತು: ಪಂಪಿನ ಬಾಯಿ ಮುಚ್ಚಿ ಪೂರ್ತಿ ಒತ್ತಿ, ಹಿಡಿ ವಾಪಸ್ ಚಿಮ್ಮುವ ಮುನ್ನ ಹೆಬ್ಬೆರಳು ತೆಗೆದುಬಿಡುವುದು! ಒತ್ತಿದ ಗಾಳಿ ಪುಸ್ ಎಂದು ಹೋಯಿತು, ಸ್ಪ್ರಿಂಗ್ ಸತ್ತಿತು, ಕೊಟ್ಟ ಸಾಲ ಮುಳುಗಿತು. ಗಾಡಿಗೆ ಬೇಕಾದದ್ದು ಆ ನಷ್ಟವೇ. ಅಲ್ಲಿಯವರೆಗೆ ಡ್ರಿಲ್ಲಿಂಗ್ ಯಂತ್ರದ ಮೊನೆಯನ್ನು ಹಿಡಿದಿಡುವ ಚಕ್ ತಯಾರಿಸುತ್ತಿದ್ದ ಜೇಕಬ್ಸ್ ಎಂಬ ಕಂಪನಿ 1961ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು.

ಎಂಜಿನ್ ತಡೆಯದಿದ್ದರೆ ಎಲ್ಲ ಭಾರ ಬ್ರೇಕಿನ ಮೇಲೆ. ಭಾರ ಎಷ್ಟು? ಸರಕು ಸೇರಿ 16 ಟನ್ನಿನ ಲಾರಿ 700 ಮೀಟರ್ ಎತ್ತರ ಇಳಿಯಿತು ಎಂದುಕೊಳ್ಳಿ. ಬಿಟ್ಟುಕೊಡಬೇಕಾದ ಶಕ್ತಿ ಸುಮಾರು 11 ಕೋಟಿ ಜೂಲ್. ಒಂದು ಲೀಟರ್ ಡೀಸೆಲ್ ಉರಿದರೆ ಬರುವುದು ಹೆಚ್ಚುಕಡಿಮೆ 3.6 ಕೋಟಿ. ಮೂರು ಲೀಟರ್ ಡೀಸೆಲ್ ಸುರಿದು ಬೆಂಕಿ ಹಚ್ಚಿದಷ್ಟು ಬಿಸಿ! ಮದುವೆಮನೆಯ ಹಂಡೆಗಳಲ್ಲಿ ಮುನ್ನೂರು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಗೆ ತರಬಹುದು. ಟೈರಿನ ಉರುಳಾಟ, ಗಾಳಿಯ ತಡೆ ಇದರಲ್ಲಿ ಒಂದು ಪಾಲು ತಿನ್ನುತ್ತವೆ. ಉಳಿದದ್ದೆಲ್ಲ ಚಕ್ರದೊಳಗಿನ ಬ್ರೇಕ್ ಡ್ರಮ್ಮಿಗೆ. ಕಾದ ಡ್ರಮ್ ಹಿಗ್ಗಿ, ಅದನ್ನು ಒತ್ತಿ ಹಿಡಿಯುವ ಲೈನರಿನಿಂದ ದೂರ ಸರಿಯುತ್ತದೆ, ಲೈನರ್ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಒತ್ತಿದಷ್ಟೂ ಹಿಡಿತ ಸಡಿಲ. ಆಗ ಗೇರ್ ಹಾಕೋಣವೆಂದರೆ ಅಷ್ಟು ವೇಗಕ್ಕೆ ಸಣ್ಣ ಗೇರು ಕೂರುವುದಿಲ್ಲ. ಎಂಜಿನ್ನನ್ನೇ ಆರಿಸಿ ಇಳಿಯುವ ಮಹಾನುಭಾವರೂ ಇದ್ದಾರೆ. ಲಾರಿಯ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರನ್ನೂ ಕಾರಿನ ಬ್ರೇಕಿಗೆ ನೆರವಾಗುವ ಬೂಸ್ಟರನ್ನೂ ನಡೆಸುವುದು ಎಂಜಿನ್ನೇ ಎಂಬುದು ಅವರಿಗೆ ಎರಡು ಮೂರು ಸಲ ಪೆಡಲ್ ತುಳಿದ ಮೇಲೆ ತಿಳಿಯುತ್ತದೆ.

ಹೊಸ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಡುವವರೊಡನೆ ನಾನು ಜಗಳಕ್ಕೆ ಹೋಗುವುದಿಲ್ಲ. ಬೇಸರವೆಂದರೆ, ಆಯುಧಪೂಜೆಗೆ ಬಾನೆಟ್ಟಿಗೆ ಕುಂಬಳಕಾಯಿ ನಿವಾಳಿಸುವ ಅದೇ ಮನೆಯಲ್ಲಿ ಅದರ ಕೆಳಗಿರುವ ಬ್ರೇಕ್ ಆಯಿಲ್ ಡಬ್ಬಿಯನ್ನು ಐದು ವರ್ಷವಾದರೂ ಯಾರೂ ತೆರೆದಿರುವುದಿಲ್ಲ. ಚಾರ್ಮಾಡಿಯ ನಡುವೆ ಅಣ್ಣಪ್ಪ ಸ್ವಾಮಿ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕೈಮುಗಿಯುವ ಪದ್ಧತಿಯಂತೂ ನನಗೆ ಬಲು ಇಷ್ಟ. ಸ್ವಾಮಿಯ ಕೃಪೆ ಇರಲಿ, ಆ ಕೆಲವು ನಿಮಿಷದಲ್ಲಿ ಡ್ರಮ್ ಒಂದಿಷ್ಟು ಆರುತ್ತದೆ. ಆರಿಸಲೆಂದು ಬಕೆಟ್ ನೀರು ಎರಚಬೇಡಿ, ಕಾದ ಎರಕದ ಕಬ್ಬಿಣ ಬಿರುಕು ಬಿಡುತ್ತದೆ.

ಬ್ರೇಕ್ ಆಯಿಲ್ ಅಂದೆನಲ್ಲ, ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಅದು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 3 ಎಂಬ ಮಾದರಿ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ, ಪೆಡಲ್ ಒತ್ತಿದರೆ ಗುಳ್ಳೆ ಅಮುಕುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುವಾಗ ಇದರ ಗತಿ ಹೇಳಬೇಕೇ? ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ.

ಅಂದು ಕೊಟ್ಟಿಗೆಹಾರದಲ್ಲಿ ಇಷ್ಟನ್ನೂ ಆ ಚಾಲಕನಿಗೆ ಹೇಳುವ ಹೊತ್ತಿರಲಿಲ್ಲ. ಬಾನೆಟ್ ಎತ್ತಿಸಿ ಡಬ್ಬಿ ತೋರಿಸಿದೆ. ಒಳಗಿನದು ಹಾಲು ಹಾಕದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಹೊಸದು ತಿಳಿ ಜೇನಿನಂತಿರುತ್ತದೆ ಎಂದೆ. ಅವನು ಬೆರಳದ್ದಿ ನೋಡಿ, ಪ್ಯಾಂಟಿಗೆ ಒರೆಸಿಕೊಂಡು, "ಗಾಡಿ ತಗೊಂಡಾಗಿನಿಂದ ಇದೇ ಇದೆ ಸಾರ್" ಎಂದ. ಹಿಂದೆಯೇ ನಾನೂ ಹೊರಟೆ. ಮೊದಲ ತಿರುವಿಗೆ ಅವನ ಬ್ರೇಕ್ ದೀಪ ಹತ್ತಿತು. ಎರಡನೆಯದಕ್ಕೂ ಹತ್ತಿತು. ಮೂರನೆಯದಕ್ಕೆ ಮುನ್ನ ಪಿಕಪ್ ಒಮ್ಮೆ ಮುಗ್ಗರಿಸಿದಂತಾಗಿ ಎಂಜಿನ್ ಗುಂಯ್‌ಗುಟ್ಟಿತು, ದೀಪ ಹತ್ತಲಿಲ್ಲ.