ಶಾಕೇ ಹೊಡೆಯಲಿಲ್ಲ, ರ‍್ಯಾಮ್ ಹೇಗೆ ಹಾಳಾಗುತ್ತದೆ?

ಪ್ರಶ್ನೆ: ಕಂಪ್ಯೂಟರಿನ ಮೆಮೊರಿ ಹೆಚ್ಚಿಸಲು ಇನ್ನೊಂದು ರ‍್ಯಾಮ್ ಹಾಕಬೇಕು ಅಂತಿದ್ದೇನೆ. ಬರಿಗೈಲಿ ಮುಟ್ಟಿದರೆ ಸ್ಟ್ಯಾಟಿಕ್ ಕರೆಂಟಿಗೆ ಸುಟ್ಟುಹೋಗುತ್ತದೆ, ಚಾರ್ಜ್ ಹರಿದುಹೋಗಲು ವೈರ್ ಇರುವ ಸ್ಟ್ರ್ಯಾಪ್ ಕೈಗೆ ಕಟ್ಟಿಕೊಳ್ಳಲೇಬೇಕು ಅಂತ ಒಬ್ಬರು ಹೆದರಿಸುತ್ತಾರೆ. ಇನ್ನೊಬ್ಬರು, ಅದೆಲ್ಲ ಸುಮ್ನೆ, ಹತ್ತು ವರ್ಷದಿಂದ ಬರಿಗೈಲೇ ಮಾಡುತ್ತಿದ್ದೇನೆ, ಏನೂ ಆಗಿಲ್ಲ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲನೆಯವರು ಸ್ವಲ್ಪ ಜಾಸ್ತಿ ಹೆದರಿಸಿದ್ದಾರೆ. ಒಂದು ರ‍್ಯಾಮ್ ಹಾಕಲು ಸ್ಟ್ರ್ಯಾಪ್ ಬೇಕೇ ಬೇಕು ಅಂತೇನಿಲ್ಲ. ಆದರೆ ಎರಡನೆಯವರನ್ನು ಒಂದು ಮಾತು ಕೇಳಬೇಕು: ಏನೂ ಆಗಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯಿತು? ಶಾಕ್ ಹೊಡೆಯಲಿಲ್ಲ, ಕಿಡಿ ಕಾಣಲಿಲ್ಲ, ಅಷ್ಟೇ ಅಲ್ವಾ?

ಹವೆ ಒಣಗಿದ ದಿನ ಸ್ವೆಟರ್ ಬಿಚ್ಚುವಾಗ ಚಟಪಟ ಅನ್ನುವುದು, ಬಾಗಿಲ ಹಿಡಿಕೆ ಮುಟ್ಟಿದರೆ ಬೆರಳಿಗೆ ಚುರ್ ಅನ್ನುವುದು ಎಲ್ಲರಿಗೂ ಗೊತ್ತು. ಸ್ಟ್ಯಾಟಿಕ್ ಅಂದರೆ ಇದೇ, ಉಜ್ಜಾಟದಿಂದ ಮೈಮೇಲೆ ಕೂರುವ ಚಾರ್ಜ್. ಆ ಚುರ್ ಚರ್ಮಕ್ಕೆ ತಿಳಿಯಬೇಕಾದರೆ ಮೈಮೇಲೆ ಸುಮಾರು 3,000 ವೋಲ್ಟ್ ಕೂತಿರಬೇಕು. ಸಂಖ್ಯೆ ದೊಡ್ಡದಾದರೂ ಅದರ ಹಿಂದಿರುವ ಚಾರ್ಜ್ ತೀರಾ ಕಡಿಮೆ, ಹಾಗಾಗಿ ನಮಗೇನೂ ಆಗುವುದಿಲ್ಲ. ರ‍್ಯಾಮ್ ಮೇಲಿರುವ ಚಿಪ್‌ನ ಕತೆ ಬೇರೆ. ಅದರೊಳಗಿನ ಟ್ರಾನ್ಸಿಸ್ಟರ್‌ಗಳಲ್ಲಿ ಕರೆಂಟ್ ಹಾಯದಂತೆ ತಡೆಯುವ ಪದರದ ದಪ್ಪ ಕೆಲವೇ ನ್ಯಾನೊಮೀಟರ್. ಸೂಕ್ಷ್ಮವಾದ ಕೆಲವು ಬಿಡಿಭಾಗಗಳಿಗೆ 100 ವೋಲ್ಟ್ ಕೂಡ ಜಾಸ್ತಿಯೇ. ಅಂದರೆ ನೂರರಿಂದ ಮೂರು ಸಾವಿರದವರೆಗೆ ಒಂದು ದೊಡ್ಡ ಕತ್ತಲ ಜಾಗ ಇದೆ. ಅಲ್ಲಿ ಚಿಪ್‌ಗೆ ಪೆಟ್ಟು ಬಿದ್ದರೂ ನಿಮ್ಮ ಬೆರಳಿಗೆ ಸುಳಿವೇ ಸಿಗುವುದಿಲ್ಲ.

ಪೆಟ್ಟು ಬಿದ್ದ ಚಿಪ್ ಅಲ್ಲೇ ಸತ್ತರೆ ಎಷ್ಟೋ ವಾಸಿ, ಕಾರಣವಾದರೂ ಗೊತ್ತಾಗುತ್ತದೆ. ಕೆಲವು ಸಲ ಅರ್ಧಂಬರ್ಧ ಗಾಯವಾಗಿ ಕೆಲಸ ಮಾಡುತ್ತಲೇ ಇರುತ್ತದೆ. ಯಾವತ್ತೋ ಒಂದು ದಿನ ಕಂಪ್ಯೂಟರ್ ಹ್ಯಾಂಗ್ ಆಗಲು ಶುರುವಾಗುತ್ತದೆ, ನೀಲಿ ಪರದೆ ಬರುತ್ತದೆ. ಆಗ ಬೈಗುಳ ತಿನ್ನುವುದು ವಿಂಡೋಸ್. ನಾನೂ ಒಮ್ಮೆ ಹೀಗೇ ಪೂರ್ತಿ ಫಾರ್ಮ್ಯಾಟ್ ಮಾಡಿದೆ, ಎರಡು ಸಲ. ಕೊನೆಗೆ ನೋಡಿದರೆ ಕೆಟ್ಟಿದ್ದು ರ‍್ಯಾಮ್. ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಂದು, ಉಣ್ಣೆಯ ಸ್ವೆಟರ್ ತೊಟ್ಟೇ ಅದನ್ನು ಸಿಕ್ಕಿಸಿದ್ದೆ. ಸ್ಟ್ಯಾಟಿಕ್‌ನಿಂದಲೇ ಹೋಯಿತು ಅಂತ ಸಾಬೀತು ಮಾಡಲು ಆಗುವುದಿಲ್ಲ, ಬಿಡಿ. ಹೀಗೆ ಸಾಕ್ಷಿ ಉಳಿಯದ ಕಾರಣಕ್ಕೇ ಜನ ಇದನ್ನು ನಂಬುವುದೂ ಇಲ್ಲ.

ಇನ್ನು ಏನು ಮಾಡಬೇಕು ಅನ್ನುವುದು. ಮೈಮೇಲೆ ಚಾರ್ಜ್ ಇದ್ದರೆ ಅಷ್ಟಕ್ಕೇ ಏನೂ ಕೆಡುವುದಿಲ್ಲ. ನಿಮ್ಮಲ್ಲಿ ಜಾಸ್ತಿ, ಬೋರ್ಡ್‌ನಲ್ಲಿ ಕಡಿಮೆ ಇದ್ದು, ಅದು ಚಿಪ್ ಮೂಲಕ ಒಮ್ಮೆಲೇ ಹರಿದಾಗ ಕೆಡುತ್ತದೆ. ಹಾಗಾಗಿ ನೀವು, ಕ್ಯಾಬಿನೆಟ್, ಕೈಯಲ್ಲಿರುವ ರ‍್ಯಾಮ್ ಮೂರೂ ಮೊದಲೇ ಸಮ ಆಗಬೇಕು, ಅದೂ ಚಿಪ್ ಬಿಟ್ಟು ಬೇರೆ ದಾರಿಯಲ್ಲಿ.

ಕೈಯಲ್ಲಿ ಮಾಡಿ ನೋಡಿದರೆ ಇದು ಬಲು ಸುಲಭ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಬಿಡಿ, ಒಳಗೆ ಉಳಿದದ್ದು ಖಾಲಿಯಾಗುತ್ತದೆ. ಪಕ್ಕದ ಮುಚ್ಚಳ ತೆಗೆದು, ಒಳಗೆ ಬಣ್ಣ ಬಳಿಯದ ಬರಿ ಲೋಹ ಎಲ್ಲಿದೆ ನೋಡಿ. ಸ್ಕ್ರೂ ಕೂರುವ ಜಾಗ, ಎಸ್‌ಎಂಪಿಎಸ್‌ನ (ಒಳಗೆ ಕರೆಂಟ್ ಹಂಚುವ ಪವರ್ ಸಪ್ಲೈ) ಡಬ್ಬಿ, ಯಾವುದಾದರೂ ಸರಿ. ಬಣ್ಣದ ಮೇಲೆ ಕೈಯಿಟ್ಟರೆ ಪ್ರಯೋಜನ ಇಲ್ಲ. ಎಡಗೈ ಅಲ್ಲೇ ಇರಲಿ. ಬಲಗೈಲಿ ರ‍್ಯಾಮ್ ಇರುವ ಬೆಳ್ಳಿ ಬಣ್ಣದ ಚೀಲ ಎತ್ತಿಕೊಂಡು, ಅದನ್ನೂ ಲೋಹಕ್ಕೆ ತಾಗಿಸಿ, ಆಮೇಲೆ ತೆರೆಯಿರಿ. ರ‍್ಯಾಮ್‌ನ ಅಂಚು ಮಾತ್ರ ಹಿಡಿಯಿರಿ, ಚಿನ್ನದ ಬಣ್ಣದ ಹಲ್ಲುಗಳಿಗೆ ಬೆರಳು ತಾಗದಿರಲಿ. ಸ್ಲಾಟ್‌ಗೆ ಒತ್ತಲು ಎರಡೂ ಕೈ ಬೇಕಾದಾಗ ಮುಂಗೈ ಕ್ಯಾಬಿನೆಟ್‌ಗೆ ಒರಗಿದ್ದರೆ ಸಾಕು. ನಡುವೆ ಎದ್ದು ಸ್ಕ್ರೂಡ್ರೈವರ್ ತರಲು ಹೋದಿರಾ? ವಾಪಸ್ ಬಂದು ಮತ್ತೆ ಲೋಹ ಮುಟ್ಟಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ನಾಲ್ಕು ಹೆಜ್ಜೆ ನಡೆದರೂ ಮೈ ಮತ್ತೆ ಚಾರ್ಜ್ ಆಗಿರುತ್ತದೆ.

ಪ್ಲಗ್ ಕೀಳಬಾರದು, ಕಂಪ್ಯೂಟರಿನ ಹಿಂಬದಿಯ ಸ್ವಿಚ್ ಮಾತ್ರ ಆಫ್ ಮಾಡಿದರೆ ಅರ್ಥಿಂಗ್ ಸಿಗುತ್ತದೆ ಅನ್ನುವವರೂ ಇದ್ದಾರೆ. ಮಾತು ಸುಳ್ಳಲ್ಲ. ಆದರೆ ಎಲ್ಲ ಎಸ್‌ಎಂಪಿಎಸ್‌ಗೂ ಸ್ವಿಚ್ ಇರುವುದಿಲ್ಲ, ಎಲ್ಲ ಗೋಡೆಯಲ್ಲೂ ಅರ್ಥಿಂಗ್ ನೆಟ್ಟಗಿರುವುದಿಲ್ಲ. ಪ್ಲಗ್ ಹಾಕಿಯೇ ಇದ್ದು ಸ್ವಿಚ್ ಆಫ್ ಆಗದಿದ್ದರೆ, ಶಟ್‌ಡೌನ್ ಮಾಡಿದ್ದರೂ ಮದರ್‌ಬೋರ್ಡ್‌ಗೆ 5 ವೋಲ್ಟ್ ಬರುತ್ತಲೇ ಇರುತ್ತದೆ. ಆ ಸ್ಥಿತಿಯಲ್ಲಿ ರ‍್ಯಾಮ್ ಸಿಕ್ಕಿಸುವುದು ಸ್ಟ್ಯಾಟಿಕ್‌ಗಿಂತ ದೊಡ್ಡ ಅಪಾಯ. ನಾನಂತೂ ಕಿತ್ತೇ ಕೀಳುತ್ತೇನೆ. ಸಮ ಆಗಲು ಭೂಮಿಯೇ ಬೇಕು ಅಂತಿಲ್ಲವಲ್ಲ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದ ಮೇಲೆ ಒಳಗಿನ ಬ್ಯಾಟರಿ ಕನೆಕ್ಟರ್ ಕೂಡ ಬಿಡಿಸಿ.

ದಿನಾ ಬೋರ್ಡ್ ಬಿಚ್ಚುವವರಾದರೆ ಸ್ಟ್ರ್ಯಾಪ್ ಇಟ್ಟುಕೊಳ್ಳುವುದು ಒಳ್ಳೆಯದು, ಮುಟ್ಟುವುದನ್ನು ನೆನಪಿಡುವ ತಲೆನೋವು ಇರುವುದಿಲ್ಲ. ಅದರ ವೈರ್‌ನಲ್ಲಿ 1 ಮೆಗಾಓಮ್‌ನ ರೆಸಿಸ್ಟರ್ ಇರುತ್ತದೆ. ಅಕಸ್ಮಾತ್ ಇನ್ನೊಂದು ಕೈ 230 ವೋಲ್ಟ್‌ನ ಲೈನಿಗೆ ತಾಗಿದರೆ ಆ ವೈರ್ ಮೂಲಕ ಹರಿಯುವುದು 0.23 ಮಿಲಿಆಂಪ್ ಮಾತ್ರ. ಅದಕ್ಕೇ ಮಣಿಕಟ್ಟಿಗೆ ಬರಿ ತಾಮ್ರದ ತಂತಿ ಸುತ್ತಿಕೊಂಡು ಅರ್ಥಿಂಗ್‌ಗೆ ಕಟ್ಟುವ ಜುಗಾಡ್ ಮಾಡಲೇಬೇಡಿ, ಜೀವಕ್ಕೇ ಕುತ್ತು. ಇನ್ನು ವೈರೇ ಇಲ್ಲದ ‘ವೈರ್‌ಲೆಸ್’ ಸ್ಟ್ರ್ಯಾಪ್ ಮಾರುತ್ತಾರೆ. ಚಾರ್ಜ್ ಹರಿದುಹೋಗಲು ದಾರಿಯೇ ಇಲ್ಲದ ಮೇಲೆ ಅದು ಬರೀ ಬಳೆ.

ಚೀಲದ ವಿಷಯದಲ್ಲೂ ಗೊಂದಲ ಇದೆ. ಬೆಳ್ಳಿ ಬಣ್ಣದ್ದರಲ್ಲಿ ತೆಳ್ಳನೆಯ ಲೋಹದ ಪದರ ಇರುತ್ತದೆ, ಹೊರಗಿನ ಕಿಡಿ ಒಳಗೆ ಹೋಗಲು ಬಿಡುವುದಿಲ್ಲ. ತಿಳಿ ಗುಲಾಬಿ ಚೀಲ ತಾನಾಗಿ ಚಾರ್ಜ್ ಹುಟ್ಟಿಸುವುದಿಲ್ಲ ಅಷ್ಟೇ, ಹೊರಗಿನ ಪೆಟ್ಟು ತಡೆಯುವುದಿಲ್ಲ. ಬೆಳ್ಳಿ ಚೀಲದ ಮೇಲೆ ಮದರ್‌ಬೋರ್ಡ್ ಇಟ್ಟು ಆನ್ ಮಾಡಿ ನೋಡುವವರಿದ್ದಾರೆ. ಲೋಹದ ಪದರದ ಮೇಲೆ ಕರೆಂಟ್ ಕೊಟ್ಟ ಬೋರ್ಡ್ ಯಾಕೆ ಬೇಕು? ಬೋರ್ಡ್ ಬಂದ ರಟ್ಟಿನ ಡಬ್ಬಿಯೇ ವಾಸಿ.

ಥರ್ಮಾಕೋಲ್, ಬಬಲ್ ರ‍್ಯಾಪ್, ಮಾಮೂಲಿ ಪ್ಲಾಸ್ಟಿಕ್ ಕವರ್, ಇವನ್ನು ಟೇಬಲ್‌ನಿಂದ ದೂರ ಎಸೆಯಿರಿ. ಇವುಗಳಲ್ಲಿ ಕೂತ ಚಾರ್ಜ್ ಲೋಹಕ್ಕೆ ತಾಗಿಸಿದರೂ ಇಳಿಯುವುದಿಲ್ಲ, ಇವು ಕರೆಂಟ್ ಹಾಯಲು ಬಿಡುವ ವಸ್ತುಗಳೇ ಅಲ್ಲ. ಧೂಳು ತೆಗೆಯಲು ವ್ಯಾಕ್ಯೂಮ್ ಕ್ಲೀನರ್‌ನ ಪ್ಲಾಸ್ಟಿಕ್ ಮೂತಿಯನ್ನು ಬೋರ್ಡ್ ಹತ್ತಿರ ಒಯ್ಯುವುದೂ ಬೇಡ.

ಹವೆಯ ಲೆಕ್ಕವೂ ಇದೆ. ಕಾರ್ಪೆಟ್ ಮೇಲೆ ನಡೆದರೆ ಒಣ ಹವೆಯಲ್ಲಿ 35,000 ವೋಲ್ಟ್‌ವರೆಗೂ ಹುಟ್ಟಬಹುದು, ತೇವ ಇದ್ದಾಗ 1,500ರ ಸುಮಾರು. ಮಳೆ ಬರುತ್ತಿದೆ, ಚಿಂತೆ ಇಲ್ಲ ಅನ್ನುವ ಮೊದಲು ಆ ಎರಡನೇ ಸಂಖ್ಯೆ ಇನ್ನೊಮ್ಮೆ ನೋಡಿ.

ಪಕ್ಕದಲ್ಲಿ ಯಾರಾದರೂ ಸಹಾಯಕ್ಕೆ ನಿಂತಿದ್ದರೆ ಇನ್ನೊಂದು ಮಾತು. ನೀವು ಲೋಹ ಮುಟ್ಟಿ ಸಮ ಆಗಿರುತ್ತೀರಿ, ಅವರು ಈಗಷ್ಟೇ ಒಳಗಿಂದ ನಡೆದು ಬಂದಿರುತ್ತಾರೆ. ಅವರು ರ‍್ಯಾಮ್ ಕೊಡಲು ಕೈ ಚಾಚಿದರೆ ಕಿಡಿ ಹಾರುವುದು ರ‍್ಯಾಮ್ ಮೂಲಕವೇ. ಮೊದಲು ಅವರ ಕೈ ಮುಟ್ಟಿ, ಆಮೇಲೆ ಇಸಿದುಕೊಳ್ಳಿ.