ಹಸುವಿನ ತೇಗಿಗೆ ಲೆಕ್ಕ ಬರೆಯುವುದು

ಹತ್ತು ಲೀಟರ್ ಹಾಲು ಕೊಡುವ ಮಿಶ್ರತಳಿ ಹಸು ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲವನ್ನು ದಿನಕ್ಕೆ ಸುಮಾರು 260 ಗ್ರಾಂ ಹೊರಬಿಡುತ್ತದೆ. ಚನ್ನರಾಯಪಟ್ಟಣದ ಕಡೆಯ ಯಾವ ಡೈರಿಯ ಮುಂದೆ ನಿಂತು ಈ ಮಾತು ಹೇಳಿದರೂ ಬರುವ ಪ್ರಶ್ನೆ ಒಂದೇ: "ಅದನ್ನ ಅಳೆದೋರು ಯಾರು ಸಾರ್?"

ನಿಮ್ಮ ಹಸುವಿನದನ್ನು ಯಾರೂ ಅಳೆದಿಲ್ಲ. ಅದು ಲೆಕ್ಕ ಕಟ್ಟಿ ತೆಗೆದ ಅಂಕಿ. ದೇಶದ ಜಾನುವಾರುಗಳ ಮೀಥೇನ್ ಇಷ್ಟು ಎಂದು ಪತ್ರಿಕೆಗಳಲ್ಲಿ ಬರುವುದೂ ಹೀಗೇ ಕಟ್ಟಿದ್ದು. ಪಶು ಆಹಾರದ ಕೆಲಸದಲ್ಲಿರುವ ನನ್ನಂಥವರು ಈ ಲೆಕ್ಕವನ್ನು ಆಗಾಗ ಮಾಡಬೇಕಾಗುತ್ತದೆ. ಈಗ ಕಾರ್ಬನ್ ಕ್ರೆಡಿಟ್ (ತಗ್ಗಿಸಿದ ಅನಿಲದ ಲೆಕ್ಕಕ್ಕೆ ಹಣ ಕೊಡುವ ಏರ್ಪಾಡು) ಹೆಸರಿನಲ್ಲಿ ಹಳ್ಳಿಗಳಿಗೆ ಬರುವವರ ಕೈಯಲ್ಲೂ ಇದೇ ಲೆಕ್ಕ ಇರುತ್ತದೆ. ಆದ್ದರಿಂದ ಅದರ ಒಳಗೇನಿದೆ ಎಂದು ಹಾಲು ಹಾಕುವವರಿಗೂ ಗೊತ್ತಿರುವುದು ಒಳ್ಳೆಯದು.

ಮೊದಲು ಅನಿಲ ಹುಟ್ಟುವ ಜಾಗ. ಹಸುವಿನ ದೊಡ್ಡ ಹೊಟ್ಟೆಯಾದ ರೂಮೆನ್‌ನಲ್ಲಿ ಸೂಕ್ಷ್ಮಾಣುಗಳು ಹುಲ್ಲಿನ ನಾರನ್ನು ಒಡೆದು ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳನ್ನು ಮಾಡುತ್ತವೆ. ಹಸು ಬದುಕುವುದು, ಹಾಲು ಕೊಡುವುದು ಹೆಚ್ಚಾಗಿ ಈ ಆಮ್ಲಗಳ ಬಲದಿಂದ. ಅಸಿಟಿಕ್, ಬ್ಯುಟಿರಿಕ್ ಆಗುವಾಗ ಹೈಡ್ರೋಜನ್ ಉಳಿಯುತ್ತದೆ. ಪ್ರೊಪಿಯೋನಿಕ್ ಆಗುವಾಗ ಹೈಡ್ರೋಜನ್ ಖರ್ಚಾಗುತ್ತದೆ. ಉಳಿದ ಹೈಡ್ರೋಜನ್ ರೂಮೆನ್‌ನಲ್ಲಿ ತುಂಬಿಕೊಂಡರೆ ಹುದುಗುವಿಕೆಯೇ ಕುಂಟುತ್ತದೆ. ಅದನ್ನು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿಸಿ ಮೀಥೇನ್ ಮಾಡಿ ಹೊರಗೆ ಕಳಿಸುವುದು ಆರ್ಕಿಯಾ ಎಂಬ ಇನ್ನೊಂದು ಗುಂಪಿನ ಜೀವಿಗಳು. ಬರೀ ಒಣಹುಲ್ಲು ತಿಂದ ಹಸುವಿನಲ್ಲಿ ಅಸಿಟಿಕ್ ಜಾಸ್ತಿ, ಹಾಗಾಗಿ ತಿಂದ ಮೇವಿನ ಲೆಕ್ಕದಲ್ಲಿ ಮೀಥೇನೂ ಜಾಸ್ತಿ. ಹೊರಬರುವ ದಾರಿ ಬಹುಪಾಲು ಬಾಯಿ, ಮೂಗು. ತೇಗು ಮತ್ತು ಉಸಿರು. ಹಿಂದಿನಿಂದ ಬರುವುದು ತೀರಾ ಸ್ವಲ್ಪ, ನಗುವವರು ನಗಲಿ.

ಅಳೆಯಲು ದಾರಿಗಳಿಲ್ಲವೆಂದಲ್ಲ. ಹಸುವನ್ನು ಗಾಳಿ ಸೋರದ ಕೋಣೆಯಲ್ಲಿಟ್ಟು ಒಳಗೆ ಹೋಗುವ, ಹೊರಗೆ ಬರುವ ಗಾಳಿಯನ್ನು ಪರೀಕ್ಷಿಸಬಹುದು. ಇಲ್ಲವೇ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲವನ್ನು ನಿಧಾನವಾಗಿ ಬಿಡುವ ಸಣ್ಣ ಕೊಳವೆಯನ್ನು ರೂಮೆನ್‌ಗೆ ಇಳಿಸಿ, ಕೊರಳಿಗೆ ಕಟ್ಟಿದ ಡಬ್ಬಿಯಲ್ಲಿ ಉಸಿರು ಹಿಡಿಯಬಹುದು. ಎರಡೂ ಸಂಶೋಧನಾ ಕೇಂದ್ರಗಳ ಕೆಲಸ. ಅರಸೀಕೆರೆಯ ಕೊಟ್ಟಿಗೆ ಕೊಟ್ಟಿಗೆಗೂ ಹೋಗಿ ಮಾಡುವಂಥದ್ದಲ್ಲ.

ಆದ್ದರಿಂದ ಸೂತ್ರ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ (ಐಪಿಸಿಸಿ) 2006ರ ಮಾರ್ಗಸೂಚಿಯಲ್ಲಿ ಮೊದಲ ಹಂತ ಬಹಳ ಸರಳ: ಭಾರತ ಉಪಖಂಡದ ಹಾಲಿನ ಹಸು ಒಂದಕ್ಕೆ ವರ್ಷಕ್ಕೆ 58 ಕಿಲೊ ಮೀಥೇನ್, ಹಸುಗಳ ಸಂಖ್ಯೆಯಿಂದ ಗುಣಿಸಿ, ಮುಗಿಯಿತು. ಆದರೆ ಆ 58ರ ಹಿಂದೆ ವರ್ಷಕ್ಕೆ 900 ಕಿಲೊ ಹಾಲು ಕೊಡುವ ಹಸು ನಿಂತಿದೆ. ಹಾಸನದ ಕೊಟ್ಟಿಗೆಯ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಅದಲ್ಲ.

ಎರಡನೇ ಹಂತದಲ್ಲಿ ಹಸು ತಿಂದದ್ದರಿಂದ ಲೆಕ್ಕ ಶುರುವಾಗುತ್ತದೆ. ನೀರಿನಂಶ ಕಳೆದು ಉಳಿದ ಮೇವಿಗೆ ಒಣಾಂಶ ಎನ್ನುತ್ತೇವೆ. ಒಂದು ಕಿಲೊ ಒಣಾಂಶದಲ್ಲಿ ಸರಾಸರಿ 18.45 ಮೆಗಾಜೂಲ್ ಶಕ್ತಿ. ಅದರಲ್ಲಿ ನೂರಕ್ಕೆ ಆರೂವರೆ ಪಾಲು ಮೀಥೇನಾಗಿ ಹೋಗುತ್ತದೆಂದು ಹಿಡಿಯುತ್ತಾರೆ. ಒಂದು ಕಿಲೊ ಮೀಥೇನ್‌ನಲ್ಲಿರುವ ಶಕ್ತಿ 55.65 ಮೆಗಾಜೂಲ್. ನಾನೂರು ಕಿಲೊ ತೂಕದ ಹಸು 12 ಕಿಲೊ ಒಣಾಂಶ ತಿಂದರೆ 221 ಮೆಗಾಜೂಲ್. ಅದರ ಆರೂವರೆ ಪಾಲು 14.4, ಅದನ್ನು 55.65ರಿಂದ ಭಾಗಿಸಿದರೆ ದಿನಕ್ಕೆ 259 ಗ್ರಾಂ, ಲೀಟರ್ ಹಾಲಿಗೆ 26 ಗ್ರಾಂ. ವರ್ಷವಿಡೀ ಹೀಗೇ ತಿಂದರೆ 94 ಕಿಲೊ. ಇದನ್ನೇ ಮೇವಿನ ಭಾಷೆಯಲ್ಲಿ ಹೇಳಿದರೆ ರೈತರು ಕಿವಿಗೊಡುತ್ತಾರೆ: ಹನ್ನೆರಡು ಕಿಲೊದಲ್ಲಿ 780 ಗ್ರಾಂ ಮೇವಿನ ಶಕ್ತಿ ತೇಗಿನಲ್ಲಿ ಹೋಯಿತು.

ಇಲ್ಲಿ ಕಷ್ಟದ್ದು ಗುಣಾಕಾರವಲ್ಲ, ಆ 12. ನಮ್ಮ ಕಡೆ ಯಾರೂ ಮೇವು ತೂಗುವುದಿಲ್ಲ. "ಎರಡು ಹೊರೆ ಸೀಮೆಹುಲ್ಲು, ಒಂದಿಷ್ಟು ರಾಗಿಹುಲ್ಲು, ಎರಡು ಹೊತ್ತು ಫೀಡು" ಎನ್ನುತ್ತಾರೆ. ಸೀಮೆಹುಲ್ಲು ಎಂದರೆ ನೇಪಿಯರ್. 25 ಕಿಲೊ ನೇಪಿಯರ್‌ನಲ್ಲಿ ನೂರಕ್ಕೆ 80 ನೀರು ಎಂದುಕೊಂಡರೆ ಒಣಾಂಶ 5 ಕಿಲೊ. ಜೊತೆಗೆ 4 ಕಿಲೊ ಒಣಹುಲ್ಲು, 4 ಕಿಲೊ ಪಶು ಆಹಾರ ಸೇರಿದರೆ ಹನ್ನೆರಡು ಚಿಲ್ಲರೆ. ಅದೇ ನೇಪಿಯರ್ ಜುಲೈ ಮಳೆಯಲ್ಲಿ ಎಳಸಾಗಿದ್ದಾಗ ನೀರು 85 ಆಗಬಹುದು, ಏಪ್ರಿಲ್‌ನಲ್ಲಿ ಬಲಿತಾಗ 75. ಆಗ ಅದೇ 25 ಕಿಲೊದಿಂದ ಸಿಗುವ ಒಣಾಂಶ ಪೌಣೆ ನಾಲ್ಕು ಕಿಲೊದಿಂದ ಆರೂಕಾಲು ಕಿಲೊವರೆಗೆ ಓಡಾಡುತ್ತದೆ. ಇನ್ನು ಹೊರೆ ಎಂದರೆ ಯಾರ ತಲೆಯ ಹೊರೆ? ಹೊತ್ತವರು ಅಜ್ಜಿಯೋ ಮಗನೋ ಎಂಬುದರ ಮೇಲೆ ಹತ್ತು ಕಿಲೊ ಹೆಚ್ಚುಕಡಿಮೆ. ಸೂತ್ರದ ಒಳಗಿನ ಗಣಿತ ಎಷ್ಟೇ ನಾಜೂಕಾಗಿರಲಿ, ಕೆಳಗೆ ಕೂತಿರುವುದು ಈ ಹೊರೆ. ಹಾಗಾಗಿ ನಾನು ಸಮೀಕ್ಷೆಗೆ ಹೋಗುವ ಹುಡುಗರಿಗೆ ಪ್ರಶ್ನಾವಳಿಗಿಂತ ಮೊದಲು ನೇತುಹಾಕುವ ತಕ್ಕಡಿ ಕೊಡುತ್ತೇನೆ. ಹಸುವಿನ ತೂಕಕ್ಕೆ ಟೇಪು ಸಾಕು: ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಮೈಯ ಉದ್ದದಿಂದ ಗುಣಿಸಿ, ಎಲ್ಲವೂ ಇಂಚಿನಲ್ಲಿದ್ದರೆ 660ರಿಂದ ಭಾಗಿಸಿದಾಗ ಕಿಲೊ ಬರುತ್ತದೆ. 68 ಇಂಚು ಸುತ್ತಳತೆ, 57 ಇಂಚು ಉದ್ದದ ಹಸು ಸುಮಾರು ನಾನೂರು ಕಿಲೊ.

ಘಟ್ಟದ ಕಡೆ ಹೋದರೆ ತೊಡಕು ಬೇರೆ. ಅಮೆರಿಕ, ಯುರೋಪಿನ ಹಸುಗಳ ಅಳತೆಗಳಿಂದ ಕಟ್ಟಿದ ಸೂತ್ರಗಳು ಹಲವಿವೆ. ಅವುಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ಹೀಗಿದೆ: ಮೀಥೇನ್ ಮೆಗಾಜೂಲ್ ಲೆಕ್ಕದಲ್ಲಿ 3.23, ಅದಕ್ಕೆ ಕೂಡಿಸಬೇಕಾದದ್ದು ತಿಂದ ಒಣಾಂಶದ 0.81 ಪಟ್ಟು. ನಮ್ಮ 12 ಕಿಲೊ ಹಸುವಿಗೆ ಇದು 233 ಗ್ರಾಂ ಕೊಡುತ್ತದೆ. ಮೊದಲಿನ 259ಕ್ಕೆ ಹತ್ತಿರವೇ. ಈಗ ಮೂಡಿಗೆರೆಯ ಮಲೆನಾಡು ಗಿಡ್ಡವನ್ನು ಇದೇ ಸೂತ್ರಕ್ಕೆ ಕೊಡಿ. ಗುಡ್ಡದಲ್ಲಿ ಮೇಯ್ದು 3 ಕಿಲೊ ಒಣಾಂಶ ತಿಂದು ಬರುವ ಸಣ್ಣ ಹಸು. ಆರೂವರೆ ಪಾಲಿನ ಲೆಕ್ಕದಲ್ಲಿ 65 ಗ್ರಾಂ. ಈ ಸೂತ್ರದಲ್ಲಿ 102 ಗ್ರಾಂ. ಅಂದರೆ ಗಿಡ್ಡ ತಾನು ತಿಂದ ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲನ್ನು ತೇಗಿಬಿಟ್ಟಿತು ಎಂದಾಯಿತು. ನಂಬುವ ಮಾತಲ್ಲ. ತಪ್ಪು ಆ 3.23ರದ್ದು: ಹಸು ಏನೂ ತಿನ್ನದಿದ್ದರೂ ಅಷ್ಟು ಮೀಥೇನ್ ಬರುತ್ತದೆಂದು ಸೂತ್ರ ಹೇಳುತ್ತದೆ. ದಿನಕ್ಕೆ 15, 20 ಕಿಲೊ ತಿನ್ನುವ ಹಸುವಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಗಿಡ್ಡದ ಮೇಲೆ ಹೇರಿದಾಗ ಸೂತ್ರ ತಾನು ನೋಡಿಯೇ ಇಲ್ಲದ ಪ್ರಾಣಿಯ ಬಗ್ಗೆ ಮಾತಾಡುತ್ತದೆ. ದೊಡ್ಡ ಅಂಕಿ ಬಂದ ತಕ್ಷಣ 'ನಾಟಿ ಹಸುಗಳೇ ಹೆಚ್ಚು ಮಾಲಿನ್ಯ' ಎಂದು ಬರೆಯುವವರು ಮೊದಲು ಇದನ್ನು ನೋಡಬೇಕು.

ಹಾಗೆಂದು ಗಿಡ್ಡಕ್ಕೆ ಪೂರ್ತಿ ಕ್ಷಮೆಯಿಲ್ಲ. ಒಂದೂವರೆ ಲೀಟರ್ ಹಾಲಿಗೆ 65 ಗ್ರಾಂ ಎಂದರೆ ಲೀಟರಿಗೆ 43. ಮಿಶ್ರತಳಿಯದು 26. ತಲೆಗೆ ನೋಡಿದರೆ ಗಿಡ್ಡ ಗೆಲ್ಲುತ್ತದೆ, ಲೀಟರಿಗೆ ನೋಡಿದರೆ ಎಚ್‌ಎಫ್. ಹಾಲು ಮಾರುವ ಕಂಪನಿಗಳಿಗೆ ಲೀಟರಿನ ಅಂಕಿ ಇಷ್ಟ; ವಾತಾವರಣಕ್ಕೆ ಗೊತ್ತಿರುವುದು ಒಟ್ಟು ಮೊತ್ತ ಮಾತ್ರ. ಅದೇ ಮಿಶ್ರತಳಿಗೆ ಒಳ್ಳೆ ಮೇವು ಹಾಕಿ ಒಣಾಂಶ ಹದಿಮೂರೂವರೆ ಕಿಲೊಗೆ, ಹಾಲು 14 ಲೀಟರಿಗೆ ಏರಿದರೆ ಲೀಟರಿನ ಲೆಕ್ಕ 21 ಗ್ರಾಂಗೆ ಇಳಿಯುತ್ತದೆ, ಹಸುವಿನ ಲೆಕ್ಕ 291ಕ್ಕೆ ಏರುತ್ತದೆ. ಹಸುಗಳ ಸಂಖ್ಯೆ ಕಡಿಮೆಯಾಗದೆ ಒಟ್ಟು ಇಳಿಯುವುದಿಲ್ಲ. ಈ ಎರಡರಲ್ಲಿ ಯಾವುದನ್ನು ಹೇಳುತ್ತಿದ್ದೇವೆ ಎಂದು ಬಾಯಿ ಬಿಟ್ಟು ಹೇಳದ ವರದಿಯನ್ನು ನಾನು ಪಕ್ಕಕ್ಕಿಡುತ್ತೇನೆ.

ಸಗಣಿಯ ಮೀಥೇನ್ ಲೆಕ್ಕದ ಬೇರೆ ಕಾಲಂಗೆ ಹೋಗುತ್ತದೆ. ನಮ್ಮಲ್ಲಿ ತಿಪ್ಪೆಗೆ ಗಾಳಿಯಾಡುವುದರಿಂದ ಅದು ತೇಗಿನ ಮುಂದೆ ಚಿಕ್ಕದು.

ಲೀಟರಿನ ಅಂಕಿಯಲ್ಲಿ ಬಹಳ ಮಂದಿ ಬಿಟ್ಟುಬಿಡುವುದು ಬತ್ತಿದ ದಿನಗಳನ್ನು. ಹಸು ಹಾಲು ಕೊಡದಿದ್ದರೂ ತಿನ್ನುತ್ತದೆ, ತೇಗುತ್ತದೆ. ದಿನಕ್ಕೆ 8 ಕಿಲೊ ಒಣಾಂಶ ಎಂದರೆ 172 ಗ್ರಾಂ. ಒಂದು ಸೂಲಿಗೆ 300 ದಿನ, ದಿನಕ್ಕೆ 10 ಲೀಟರ್, ಒಟ್ಟು 3,000 ಲೀಟರ್ ಎಂದಿಟ್ಟುಕೊಳ್ಳೋಣ. ಆ ದಿನಗಳ ಮೀಥೇನ್ 78 ಕಿಲೊ. ಹದಿಮೂರು ತಿಂಗಳಿಗೆ ಮತ್ತೆ ಕರು ಹಾಕಿದರೆ ಬತ್ತಿದ ದಿನ 95, ಮೀಥೇನ್ 16 ಕಿಲೊ, ಲೀಟರಿಗೆ 31 ಗ್ರಾಂ. ಎರಡು ಮೂರು ಸಲ ಸೆಮೆನ್ ಹಾಕಿಸಿದರೂ ಕಟ್ಟದೆ ಹದಿನೆಂಟು ತಿಂಗಳಾದರೆ ಬತ್ತಿದ ದಿನ 248, ಮೀಥೇನ್ 43 ಕಿಲೊ, ಲೀಟರಿಗೆ 40 ಗ್ರಾಂ. ತಡವಾಗಿ ಕಟ್ಟುವ ಹಸುವನ್ನು ಇನ್ನಷ್ಟು ದಿನ ಕರೆಯುವವರಿದ್ದಾರೆ, ಆಗ ವ್ಯತ್ಯಾಸ ಕೊಂಚ ಕುಗ್ಗುತ್ತದೆ. ಮೂರು ವರ್ಷ ದಾಟಿದರೂ ಬೆದೆಗೆ ಬಾರದ ಕಡಸನ್ನು ಸೇರಿಸಿದರೆ ಹಿಗ್ಗುತ್ತದೆ.

ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಟ್ಯಾನಿನ್ ಎಂಬ ಒಗರು ಅಂಶ ಇರುವ ಸಸ್ಯಭಾಗಗಳಿಂದ 'ಹರಿತ ಧಾರಾ' ಎಂಬ ಪೂರಕ ಆಹಾರ ಮಾಡಿದೆ. ಮೀಥೇನ್ 17ರಿಂದ 20 ಪ್ರತಿಶತ ಇಳಿಯುತ್ತದೆಂದು ಸಂಸ್ಥೆ ಹೇಳುತ್ತದೆ. ಒಳ್ಳೆಯ ಕೆಲಸ. ಆದರೆ ಲೀಟರಿನ ಲೆಕ್ಕವೇ ಮುಖ್ಯವಾದರೆ, ಬೆದೆ ಗುರುತಿಸಿ ಸಮಯಕ್ಕೆ ಗಬ್ಬ ಕಟ್ಟಿಸುವುದೂ 40ನ್ನು 31ಕ್ಕೆ ಇಳಿಸುತ್ತದೆ. ಅದು ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು, ಮತ್ತು ಕರುವೂ ಸಿಗುತ್ತದೆ. ನನ್ನ ಒಲವು ಮೊದಲು ಇದರ ಕಡೆಗೇ.

ಕಾರ್ಬನ್ ಕ್ರೆಡಿಟ್‌ನವರ ಲೆಕ್ಕ ನೋಡೋಣ. 94 ಕಿಲೊದಲ್ಲಿ ಐದನೇ ಒಂದು ಪಾಲು ತಗ್ಗಿದರೆ ಉಳಿತಾಯ ವರ್ಷಕ್ಕೆ 19 ಕಿಲೊ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೊ ಮೀಥೇನ್ ಇಂಗಾಲದ ಡೈಆಕ್ಸೈಡ್‌ನ 27 ಪಟ್ಟು ಬಿಸಿ ಹೆಚ್ಚಿಸುತ್ತದೆ; ಅದರಿಂದ ಗುಣಿಸಿದರೆ ಅರ್ಧ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಆದರೆ ಆ ಆರೂವರೆ ಪಾಲಿಗೇ 2006ರ ಮಾರ್ಗಸೂಚಿ ಒಂದು ಪಾಲು ಆಚೀಚೆ ಎಂದು ಬರೆದಿದೆ, ಅಂದರೆ ನೂರಕ್ಕೆ ಹದಿನೈದು. ಉಳಿತಾಯವೂ ಅನುಮಾನವೂ ಹೆಚ್ಚುಕಡಿಮೆ ಒಂದೇ ಗಾತ್ರ. ಮೊದಲೂ ಆಮೇಲೂ ಅದೇ ಹಸುವಿನ ಮೇವನ್ನು ಒಂದೇ ರೀತಿ ತೂಗಿದ್ದರೆ ಈ ಅನುಮಾನದ ಬಹುಪಾಲು ಎರಡೂ ಕಡೆ ಹೊಡೆದುಹೋಗುತ್ತದೆ. ತೂಗದೆ, ಸಹಿ ಮಾತ್ರ ಹಾಕಿಸಿಕೊಂಡು ಹೋದರೆ ಹೋಗುವುದಿಲ್ಲ. ನಿಮ್ಮ ಊರಿಗೆ ಬಂದವರನ್ನು ಎರಡು ಪ್ರಶ್ನೆ ಕೇಳಿ: ಸೂತ್ರ ಯಾವ ಹಸುಗಳ ಮೇಲೆ ಕಟ್ಟಿದ್ದು, ನಮ್ಮ ಮೇವನ್ನು ತೂಗುವವರು ಯಾರು.

ಕರು ಹಾಕಿದ ದಿನಾಂಕಗಳಿಗೆ ಅವರು ಅಲೆಯಬೇಕಾಗಿಲ್ಲ. ಹಸುವಿನ ಕಿವಿಯೋಲೆಯ 12 ಅಂಕಿಗಳ ಹಿಂದೆ, ಕೇಂದ್ರ ಸರ್ಕಾರದ ಭಾರತ್ ಪಶುಧನ್ ದಾಖಲೆಯಲ್ಲಿ, ಸೆಮೆನ್ ಹಾಕಿಸಿದ್ದು, ಕರು ಹಾಕಿದ್ದು ಬರೆದಿಡುವ ಏರ್ಪಾಡು ಇದೆ. ಡೈರಿಯಲ್ಲಿ ಹಾಲಿನ ಲೀಟರು, ಫ್ಯಾಟು ಎರಡೂ ಹೊತ್ತು ದಾಖಲಾಗುತ್ತವೆ. ಎಲ್ಲೂ ದಾಖಲಾಗದೆ ಉಳಿದಿರುವುದು ಮೇವಿನ ತೂಕ. ತಿಂಗಳಿಗೊಮ್ಮೆ, ಊರಿಗೆ ಹತ್ತು ಕೊಟ್ಟಿಗೆಯಲ್ಲಿ ತೂಗಿದರೂ ನಮ್ಮ ಜಿಲ್ಲೆಗೆ ನಮ್ಮದೇ ಅಂಕಿ ಕಟ್ಟಲು ಶುರು ಮಾಡಬಹುದು.